ಪಂಕಜಾಕ್ಷಿ ಟೀಚರು ಹೇಳಿದ ಗುಣದೋಷ

ಬಿಕರ್ನಕಟ್ಟೆಯ ಪಂಕಜಾಕ್ಷಿ ಟೀಚರು ಏನನ್ನೇ ನೋಡಲಿ, ಮೊದಲು ಗುಣ, ಆಮೇಲೆ ದೋಷ ಹೇಳುವವರು. ಯಕ್ಷಗಾನವಿರಲಿ, ಮದುವೆಮನೆಯ ಸಾರಿರಲಿ, ಹೊಸ ಹೆಡ್‌ಮಾಸ್ಟರರ ಭಾಷಣವಿರಲಿ, ಮರುದಿನ ಸ್ಟಾಫ್‌ರೂಮಿನಲ್ಲಿ ತೀರ್ಪು ಬೀಳಲೇಬೇಕು. ಕನ್ನಡ ಕಲಿಸುವ ಟೀಚರ ಆ ನಾಲಿಗೆಗೆ ಹೆದರದವರು ಶಾಲೆಯಲ್ಲಿರಲಿಲ್ಲ. ಅವರಿಗೆ ದೋಷವೇ ಕಾಣದ ಜೀವ ಈ ಭೂಮಿಯ ಮೇಲೆ ಒಂದೇ ಒಂದು, ತಮ್ಮ ಕೃಷ್ಣರಾಜ.

ಕಾಣುವುದಾದರೂ ಹೇಗೆ? ತಾಯಿ ತೀರಿಹೋದಾಗ ಅವನಿನ್ನೂ ಹಲ್ಲು ಬೀಳುವ ಹುಡುಗ. ಇವರಿಗೆ ಹದಿನೆಂಟು. ಅದೇ ಮಳೆಗಾಲದಲ್ಲಿ ಟೈಫಾಯ್ಡ್ ಬಂದು ಇವರ ಕಿವಿಗಳನ್ನು ಮಂದ ಮಾಡಿ ಹೋಯಿತು. ಹತ್ತಿರ ಕೂತವರ ಮಾತು ಕೇಳುತ್ತಿತ್ತು, ಸಣ್ಣ ಸದ್ದು ತಪ್ಪುತ್ತಿತ್ತು. ಬಂದ ಸಂಬಂಧಗಳು ಕಿವಿಯ ಸುದ್ದಿ ಕೇಳಿ ಬಂದ ದಾರಿಯಲ್ಲೇ ಹಿಂದೆ ಹೋದವು. ಹೋದರೆ ಹೋಗಲಿ ಎಂದು ಟೀಚರು ತಮ್ಮನ ತಲೆ ಬಾಚಿ, ಬುತ್ತಿ ಕಟ್ಟಿ, ಅವನನ್ನು ಮನುಷ್ಯನನ್ನಾಗಿ ಮಾಡಿದರು.

ತಂದೆ ಹರಿದಾಸ ಭಟ್ಟರು ಹತ್ತಿರದ ಸಣ್ಣ ದೇವಸ್ಥಾನದಲ್ಲಿ ಅರ್ಚಕರು. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಆ ಮನೆಯಲ್ಲಿ ಭಜನೆ ತಪ್ಪಿದ್ದಿಲ್ಲ. ಹಿರಿಯವಳಾದ ಮಗಳು ಮೊದಲ ಸಾಲು ಎತ್ತಬೇಕು, ಉಳಿದವರು ಅವಳ ಶ್ರುತಿಗೆ ಸೇರಬೇಕು. ಇದು ಭಟ್ಟರ ಕಟ್ಟಳೆ. ಮಗಳ ಕಿವಿ ಹೋದ ಮೇಲೂ ಅವರು ಅದನ್ನು ಬದಲಿಸಲಿಲ್ಲ. ಭಟ್ಟರ ಕೈಯಲ್ಲಿ ತಾಳ, ಕೃಷ್ಣರಾಜನ ಮುಂದೆ ಹಾರ್ಮೋನಿಯಂ, ಟೀಚರು ಕಣ್ಣು ಮುಚ್ಚಿದರೆಂದರೆ ಹಾಡು ಮುಗಿದ ಮೇಲೇ ತೆರೆಯುವುದು. ಜಗಳವೂ ಆ ಮನೆಯಲ್ಲಿ ಹಾಡಿನಲ್ಲೇ ನಡೆಯುತ್ತಿತ್ತು. ಸಾರಿಗೆ ಉಪ್ಪಿಲ್ಲವೆಂದು ಅಪ್ಪ ರಾಗ ಎಳೆದರೆ, ಉಪ್ಪು ನಿಮ್ಮ ಕೈಯಳತೆಯಲ್ಲೇ ಉಂಟೆಂದು ಮಗಳು ಅದೇ ರಾಗದಲ್ಲಿ ಉತ್ತರ ಕೊಡುವಳು. ಇಷ್ಟು ಹಾಡಿಯೂ ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಾರ್ಥನೆಗೆ ಪ್ರತಿ ಸಲ ಕುಶಲಾ ಟೀಚರನ್ನೇ ನಿಲ್ಲಿಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಪಂಕಜಾಕ್ಷಿ ಟೀಚರು ಮುಖ ಸಿಂಡರಿಸುತ್ತಿದ್ದರು.

ಭಟ್ಟರು ಹೋದರು. ಕೃಷ್ಣರಾಜ ಬ್ಯಾಂಕಿಗೆ ಸೇರಿ, ವರ್ಗವಾಗಿ ಬೆಂಗಳೂರಿಗೆ ಹೋಗಿ, ಅಲ್ಲಿ ನಾಟಕ ಬರೆಯುವವರ ಸಹವಾಸಕ್ಕೆ ಬಿದ್ದ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವನು ಬರೆದ ಹಾಸ್ಯ ಧಾರಾವಾಹಿ ಅಲ್ಲಿನ ಟಿವಿಯಲ್ಲಿ ಬಂತು. ಒಂದು ಹಾಡುವ ಸಂಸಾರದ ಕತೆ.

“ನಮ್ಮ ಮನೆಯದ್ದೇ ಅಕ್ಕ. ಆದರೆ ಎಂತ ಮಾಡುವುದು, ಅದು ಬೆಂಗಳೂರಿನ ಸುತ್ತಮುತ್ತ ಮಾತ್ರ, ಮಂಗಳೂರಿಗೆ ಬರುವುದಿಲ್ಲ” ಎಂದ, ರಜೆಯಲ್ಲಿ ಊರಿಗೆ ಬಂದಾಗ.

ಆ ಮಾತಿನಲ್ಲಿ ಬೇಜಾರಿಗಿಂತ ನಿರಾಳವೇ ಹೆಚ್ಚಿತ್ತು. ಅಕ್ಕನಿಗೆ ಅದು ತಿಳಿಯಲಿಲ್ಲ. ಹಂಪನಕಟ್ಟೆಯಿಂದ ಸಿಹಿ ತಂದು ಇಡೀ ಶಾಲೆಗೆ ಹಂಚಿದರು.

ಮನೆಯ ಆ್ಯಂಟೆನಾಕ್ಕೆ ಸಿಗದ್ದು ಕ್ಯಾಸೆಟ್ಟಿನಲ್ಲಿ ಬಂತು. ಕುಶಲಾ ಟೀಚರ ಮಗಳು ಬೆಂಗಳೂರಿನಲ್ಲಿದ್ದಳು. ಅಮ್ಮನ ಸ್ನೇಹಿತೆಯ ತಮ್ಮನದ್ದೆಂದು ಪ್ರೀತಿಯಿಂದ ರೆಕಾರ್ಡ್ ಮಾಡಿ ಕಳಿಸಿದಳು. ಕುಶಲಾ ಟೀಚರ ಮನೆಯಲ್ಲಿ, ಗಂಡ ಬಹರೈನಿನಿಂದ ತಂದ ವಿಸಿಆರ್ ಇತ್ತು. ಒಂದು ಭಾನುವಾರ ಮಧ್ಯಾಹ್ನ ಟೀಚರುಗಳೆಲ್ಲ ಸೇರಿದರು. ಪಂಕಜಾಕ್ಷಿ ಟೀಚರಿಗೆ ಎದುರಿನ ಕುರ್ಚಿ.

ಉಪ್ಪಿಲ್ಲದ ಸಾರಿನ ಜಗಳ ಬಂತು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದು ನಮ್ಮ ಮನೆಯಲ್ಲಿ ನಡೆದದ್ದೇ ಎಂದು ಟೀಚರು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿಕೊಂಡರು. ಆಮೇಲೆ ಭಜನೆ ಬಂತು. ಮನೆಯ ಅಕ್ಕ ಕಣ್ಣು ಮುಚ್ಚಿ ಹಾಡು ಎತ್ತಿದಳು. ಸಾಲಿನಿಂದ ಸಾಲಿಗೆ ಅವಳ ಶ್ರುತಿ ಏರುತ್ತಾ ಹೋಯಿತು. ತಮ್ಮ ಹಲ್ಲು ಕಚ್ಚಿಕೊಂಡು ಹಾರ್ಮೋನಿಯಂನಲ್ಲಿ ಬಿಳಿ ಕೀಯಿಂದ ಕಪ್ಪಿಗೆ, ಕಪ್ಪಿನಿಂದ ಮುಂದಿನ ಬಿಳಿಗೆ ಬೆರಳು ಜಾರಿಸಿ ಅವಳನ್ನು ಹಿಂಬಾಲಿಸಿದ. ಅವಳ ಬೆನ್ನ ಹಿಂದೆ ಅಪ್ಪ ಕಿವಿಗೆ ಹತ್ತಿ ತುರುಕಿ, ಕಣ್ಣು ತಿರುಗಿಸಿ, ಮಗನೊಡನೆ ಸನ್ನೆ ಮಾಡಿ ನಕ್ಕ.

ಕುಶಲಾ ಟೀಚರ ಕೈ ಸ್ವಿಚ್ಚಿಗೆ ಹೋಯಿತು.

“ಇರಲಿ, ಬಂದ್ ಮಾಡಬೇಡಿ” ಎಂದರು ಪಂಕಜಾಕ್ಷಿ ಟೀಚರು.

ಅವರು ಹಿಂದೆ ತಿರುಗಿ ನೋಡಿದರು. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ವಾರ್ಷಿಕೋತ್ಸವದ ಪ್ರಾರ್ಥನೆ ತಮಗೇಕೆ ಸಿಗಲಿಲ್ಲವೆಂಬುದು ಆಗ ತಿಳಿಯಿತು. ತಮ್ಮ ಶ್ರುತಿ ತಪ್ಪುವುದು ಊರಿಗೆಲ್ಲ ಗೊತ್ತಿತ್ತು, ತಮಗೊಬ್ಬರಿಗೇ ಗೊತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ತಾವೇ ಕೈಯಾರೆ ಕಟ್ಟಿದ ಬೇಲಿ. ಆದರೂ ಅವರು ಕ್ಯಾಸೆಟ್ ಮುಗಿಯುವವರೆಗೆ ಕೂತರು, ಕೊಟ್ಟ ಚಾ ಕುಡಿದರು, ಯಾರೂ ಕೇಳದಿದ್ದರೂ ತೀರ್ಪು ಹೇಳಿದರು. ಗುಣವೆಂದರೆ, ಹಾಡುಗಳು ಚೆನ್ನಾಗಿವೆ, ಮಾತು ಚುರುಕು, ಆ ಅಕ್ಕನ ಪಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ದೋಷ ಒಂದಿದೆ, ಅದನ್ನು ಬರೆದವನನ್ನು ಕೇಳಿಯೇ ಹೇಳಬೇಕು.

ಬರೆದವನು ತಂದೆಯ ಶ್ರಾದ್ಧಕ್ಕೆ ಹೆಂಡತಿ ರಮಾದೇವಿಯೊಡನೆ ಬಂದ. ಊಟವಾಗಿ ಎಲೆ ತೆಗೆಯುವವರೆಗೆ ಟೀಚರು ತಾಳಿದರು. ಆಮೇಲೆ ಕ್ಯಾಸೆಟ್ ನೋಡಿದ್ದನ್ನು ಹೇಳಿದರು. ಅದು ಹಾಸ್ಯ, ಜನರಿಗೆ ಹಿಡಿಸಲಿಕ್ಕೆ ಸ್ವಲ್ಪ ಹೆಚ್ಚು ಮಾಡಬೇಕಾಗುತ್ತದೆ ಎಂದೆಲ್ಲ ಕೃಷ್ಣರಾಜ ತಡವರಿಸಿದ.

“ಅಪ್ಪ ನಕ್ಕದ್ದುಂಟಾ?” ಟೀಚರು ಕೇಳಿದ್ದು ಅಷ್ಟೇ.

“ಇಲ್ಲ ಅಕ್ಕ. ಬೆರಳು ಹೇಗೆ ಜಾರಿಸುವುದು ಅಂತ ನನಗೆ ಕಲಿಸಿದ್ದೇ ಅಪ್ಪ. ನಿನಗೆ ಗೊತ್ತಾಗಬಾರದು ಅಂತ ದೇವರ ಎದುರು ಆಣೆ ಹಾಕಿಸಿದ್ದರು. ನಗುವುದು ನಾನು ಸೇರಿಸಿದ್ದು.”

“ಅದೇ ದೋಷ” ಎಂದರು ಟೀಚರು. “ನನ್ನನ್ನು ಆಡಿಕೊಂಡದ್ದು ಹೋಗಲಿ ಮಾರಾಯ. ಅಪ್ಪ ಮುಚ್ಚಿಟ್ಟದ್ದನ್ನು ಲೋಕಕ್ಕೆಲ್ಲ ತೋರಿಸಿದೆ. ತೋರಿಸುವಾಗ ಅಪ್ಪನನ್ನೂ ನಗುವವರ ಜೊತೆ ಕೂರಿಸಿದೆ.”

ಅವನು ಅತ್ತ. ಟೀಚರು ಸಮಾಧಾನ ಮಾಡಲಿಲ್ಲ. ಅವನನ್ನು ಅಳಲು ಬಿಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಮುಸ್ಸಂಜೆ ದೀಪ ಹಚ್ಚಿದರು. ಕೃಷ್ಣರಾಜ ಹಾರ್ಮೋನಿಯಂ ಎಳೆದುಕೊಂಡು ಕೂತ, ರಮಾದೇವಿ ತಾಳ ಹಿಡಿದಳು. ಟೀಚರು ಮೊದಲ ಸಾಲು ಎತ್ತಿದರು, ಈ ಸಲ ಕಣ್ಣು ತೆರೆದೇ. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಅವನ ಬೆರಳು ತಾನಾಗಿಯೇ ಬಿಳಿಯಿಂದ ಕಪ್ಪಿಗೆ ಜಾರಿತು.

“ಮೊದಲಿನ ಕೀಯಲ್ಲೇ ಹಿಡಿ. ಬೆರಳು ತೆಗೆಯಬೇಡ” ಎಂದರು.

ಅವನು ಹಿಡಿದ. ಟೀಚರು ಮತ್ತೆ ಮೊದಲಿನಿಂದ ಹಾಡಿದರು. ಅವರ ಕಿವಿಗೆ ಹಾಡು ಎಂದಿನ ಹಾಗೇ ಇತ್ತು, ಎಲ್ಲಿಯೂ ತಪ್ಪಿದಂತೆ ಕೇಳಲಿಲ್ಲ. ಎಲ್ಲಿ ತಪ್ಪಿತೆಂದು ತಿಳಿಯಲು ತಮ್ಮನ ಮುಖವನ್ನೇ ನೋಡಬೇಕಾಯಿತು. ಮೂರನೆಯ ಸಾಲಿಗೆ ಅವನು ತಲೆ ತಗ್ಗಿಸಿದ. ಟೀಚರು ಅಲ್ಲಿಗೇ ನಿಲ್ಲಿಸಿ, ದೀಪಕ್ಕೆ ಕೈಮುಗಿದು, ಒಳಗೆ ಹೋದರು.