ಮೂಗಿನಕ್ಕನ ತಪ್ಪು, ಮೂಗಿನಕ್ಕನ ಪಟ್ಟು

ಬೆಳಕು ಇನ್ನೂ ಕಿಟಕಿಗೆ ಬಂದಿಲ್ಲ. ಕಾಲೇಜಿನ ಹುಡುಗಿಯರ ಹಾಸ್ಟೆಲಿನ ಎರಡನೇ ಮಹಡಿಯಲ್ಲಿ ನೀಲಿ ಕೋಟು ತೊಟ್ಟ ಗಟ್ಟಿಮುಟ್ಟಾದ ಹೆಂಗಸೊಬ್ಬರು ಒಂದೊಂದೇ ಬಾಗಿಲ ಮುಂದೆ ಅರೆಗಳಿಗೆ ನಿಂತು, ಉಸಿರೆಳೆದು, ಮುಂದೆ ಹೋಗುತ್ತಾರೆ. ಒಂದು ಬಾಗಿಲಲ್ಲಿ ಉಗುರಿನ ಬಣ್ಣದ ವಾಸನೆ. ಇನ್ನೊಂದರಲ್ಲಿ ಒಣಗದ ಸಾಕ್ಸಿನದು. ಮೂರನೆಯದರ ಮುಂದೆ ಅವರ ಹುಬ್ಬು ಗಂಟಾಗುತ್ತದೆ. ಒಳಗೆ ಯಾರೋ ಬಚ್ಚಿಟ್ಟುಕೊಂಡ ಕರೆಂಟ್ ಒಲೆಯಲ್ಲಿ ಹಾಲು ಕಾಯಿಸಲು ಹೋಗಿ ತಳ ಹಿಡಿಸಿದ್ದಾರೆ. "ಕದ್ದು ಮಾಡೋ ಕೆಲಸಾನಾದ್ರೂ ನೆಟ್ಟಗೆ ಮಾಡ್ಬಾರ್ದಾ" ಎಂದು ಗೊಣಗುತ್ತಾರೆ. ಒಲೆ ಸಂಜೆಯೊಳಗೆ ಅವರ ಕೋಣೆಯ ಕಪಾಟು ಸೇರುವುದಂತೂ ಖಂಡಿತ.

ಹುಡುಗಿಯರು ಇವರನ್ನು ಕರೆಯುವುದು ಮೂಗಿನಕ್ಕ ಎಂದು. ಹಾಸ್ಟೆಲಿನ ಮೇಲ್ವಿಚಾರಕಿ. ಬೀಗ, ಬಲ್ಬು, ಸೋರುವ ನಲ್ಲಿ, ಜ್ವರ ಬಂದವರಿಗೆ ಗಂಜಿ, ಜಗಳವಾಡಿದವರಿಗೆ ಬೇರೆ ಕೋಣೆ, ಎಲ್ಲವೂ ಇವರ ತಲೆಗೇ. ಅದರ ಜೊತೆಗೆ, ಕೋಣೆಗಳಲ್ಲಿ ಗಾಂಜಾ ಮತ್ತು ಅದರ ಅಣ್ಣತಮ್ಮಂದಿರು ಬಾರದಂತೆ ನೋಡಿಕೊಳ್ಳುವುದೂ ಇವರದೇ ಜವಾಬ್ದಾರಿ. ಆದರೆ ಇವತ್ತು ಅವರ ಗಮನವೆಲ್ಲ ಮಹಡಿಯ ಕೊನೆಯ ಕೋಣೆಯ ಮೇಲಿದೆ. ಒಂದು ಹಾಸಿಗೆಗೆ ಹೊಸ ಹೊದಿಕೆ ಹಾಕಿ, ಕಿಟಕಿ ತೆರೆದು, ಮೇಜನ್ನು ಮತ್ತೆ ಮತ್ತೆ ಒರೆಸುತ್ತಾರೆ. ಅಮಾನತಾಗಿದ್ದ ಎರಡನೇ ವರ್ಷದ ಹುಡುಗಿಯೊಬ್ಬಳು ಇವತ್ತು ವಾಪಸು ಬರುತ್ತಿದ್ದಾಳೆ. ಅವಳನ್ನು ಹೊರಗೆ ಕಳಿಸಿದ್ದು ಮೂಗಿನಕ್ಕನ ತಪ್ಪು. ವಾಪಸು ತಂದದ್ದು ಮೂಗಿನಕ್ಕನ ಹಟ.

ನೂಲಿನ ಕಾರ್ಖಾನೆ ಮುಚ್ಚಿದ ಮೇಲೆ ಕಸ ಗುಡಿಸುವ ಕೆಲಸಕ್ಕೆ ಇಲ್ಲಿಗೆ ಬಂದವರು ಅವರು. ಒಂದು ಮಧ್ಯಾಹ್ನ ನೆಲಮಾಳಿಗೆಯಲ್ಲಿ ವೈರು ಸುಡುವ ವಾಸನೆ ಬರುತ್ತಿದೆ ಎಂದು ರಂಪ ಮಾಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ಎಲೆಕ್ಟ್ರಿಶಿಯನ್ ನಗುತ್ತಲೇ ಬಂದು ಗೋಡೆ ಬಿಚ್ಚಿದರೆ ಒಳಗೆ ಕರಿಹಿಡಿದ ತಂತಿ. ಅಲ್ಲಿಂದ ಅವರ ಕೈಯ ಪೊರಕೆ ಹೋಗಿ ಕೀಗೊಂಚಲು ಬಂತು. ಮನೆಯಲ್ಲಿ ಬಸ್ಸಿನ ಸೀಟು ಹೊಲಿಯುವ ಗಂಡ, ಬೇರೆ ಊರಿನ ಹಾಸ್ಟೆಲಿನಲ್ಲಿ ಓದುವ ಮಗಳು. ಹೆಂಡತಿಯ ಮೂಗಿನ ಕಾಟಕ್ಕೆ ತಾನು ಬೀಡಿ ಬಿಟ್ಟೆ ಎಂದು ಗಂಡ ಕಂಡವರ ಮುಂದೆಲ್ಲ ದೂರುತ್ತಾರೆ. ಆ ದೂರಿನಲ್ಲಿ ಹೆಮ್ಮೆಯೂ ಇದೆಯೆನ್ನಿ.

ಇಲ್ಲಿನ ನಿಯಮ ಹೀಗಿದೆ: ಕೋಣೆಯಲ್ಲಿ ಮಾದಕ ವಸ್ತು ಸಿಕ್ಕರೆ ಅದೇ ದಿನ ಮನೆಯವರನ್ನು ಕರೆಸಬೇಕು. ವಾರದೊಳಗೆ ಶಿಸ್ತು ಸಮಿತಿ ಕೂರುತ್ತದೆ. ಪ್ರಿನ್ಸಿಪಾಲರು, ಇಬ್ಬರು ಅಧ್ಯಾಪಕರು, ಆಪ್ತಸಲಹೆಗಾರ್ತಿ, ವಿದ್ಯಾರ್ಥಿಗಳ ಪರವಾಗಿ ಒಬ್ಬರು. ತಾವಾಗಿ ಬಂದು ಒಪ್ಪಿಕೊಂಡವರಿಗೆ ಎಚ್ಚರಿಕೆ ಮತ್ತು ಆಪ್ತಸಲಹೆ, ಸಿಕ್ಕಿಬಿದ್ದವರಿಗೆ ಒಂದು ಸೆಮಿಸ್ಟರ್ ಅಮಾನತು, ಮಾರಿದವರಿಗೆ ಕಾಲೇಜಿನ ಬಾಗಿಲೇ ಬಂದ್. ಮೇಲ್ಮನವಿಗೂ ಅವಕಾಶವಿದೆ, ಆದರೆ ಶಿಕ್ಷೆಯಾದ ವಿದ್ಯಾರ್ಥಿಯೇ ಸಲ್ಲಿಸಬೇಕು. ಮೂಗಿನಕ್ಕ ತಾವೇ ಹಿಡಿದವರ ಜೊತೆ ಸಮಿತಿಯ ಬಾಗಿಲತನಕ ಹೋಗುತ್ತಾರೆ, ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲೇ ಕೂರುತ್ತಾರೆ. "ಹಿಡ್ಕೊಟ್ಟು ಮನೆಗೆ ಹೋಗ್ಬಿಡೋಕೆ ಅವ್ರೇನು ಇಲಿಗಳಾ? ನಮ್ಮ ಮಕ್ಳು" ಎನ್ನುತ್ತಾರೆ.

ಎಡವಟ್ಟಾದದ್ದು ಈ ಸೆಮಿಸ್ಟರಿನ ಶುರುವಿನಲ್ಲಿ. ಚಳಿ ಜೋರಾಗಿದ್ದ ಕಾಲ. ಕೊನೆಯ ಕೋಣೆಯಲ್ಲಿ ಬಾಗಿಲ ಹಿಂದೆ ನೇತುಹಾಕಿದ್ದ ಸ್ವೆಟರಿನಿಂದ ಗಾಂಜಾ ಹೊಗೆಯ ವಾಸನೆ. ಜೇಬಿಗೆ ಕೈ ಹಾಕಿದರೆ ಅರ್ಧ ಸೇದಿದ ತುಂಡು. ಕೋಣೆಯಲ್ಲಿದ್ದ ಇಬ್ಬರು ಹುಡುಗಿಯರನ್ನೂ ನಿಲ್ಲಿಸಿ ಇದು ಯಾರ ಸ್ವೆಟರ್ ಎಂದು ಕೇಳಿದರು. ಒಬ್ಬಳು ತನ್ನದೆಂದಳು. ಸಮಿತಿಯೂ ಅದನ್ನೇ ಕೇಳಿತು, ಅವಳೂ ಅದನ್ನೇ ಹೇಳಿದಳು. ಬೇರೆ ಮಾತಿಗೆ ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸೋಣವೇ ಎಂದರೆ, ಆಗಿರುವ ಅವಮಾನವೇ ಸಾಕೆಂದು ತಾಯಿ ಒಪ್ಪಲಿಲ್ಲ. ಸೆಮಿಸ್ಟರ್ ಅಮಾನತಾಯಿತು.

ಕೆಲವು ವಾರ ಕಳೆದವು. ಒಂದು ಬೆಳಗ್ಗೆ ಅದೇ ಬಾಗಿಲ ಮುಂದೆ ಮೂಗಿನಕ್ಕ ಉಸಿರೆಳೆದರು. ಅದೇ ವಾಸನೆ. ಸ್ವೆಟರಿನ ಒಡತಿ ಊರಲ್ಲಿದ್ದಾಳೆ, ಸ್ವೆಟರೂ ಅವಳ ಜೊತೆಗೇ ಹೋಗಿದೆ. ಉಳಿದಿರುವವಳು ಕೋಣೆಯ ಗೆಳತಿ ಒಬ್ಬಳೇ. ಈ ಹಾಸ್ಟೆಲಿನಲ್ಲಿ ಒಬ್ಬರ ಬಟ್ಟೆ ಇನ್ನೊಬ್ಬರು ಹಾಕಿಕೊಳ್ಳುವುದು ಗೋಡೆಗಳಿಗೂ ಗೊತ್ತು. ಚಳಿಗೆ ಟೆರೇಸಿಗೆ ಹೋಗುವವರು ಕೈಗೆ ಸಿಕ್ಕಿದ ಸ್ವೆಟರ್ ಎಳೆದುಕೊಂಡು ಹೋಗುತ್ತಾರೆ, ತಂದು ಅಲ್ಲೇ ಸಿಕ್ಕಿಸುತ್ತಾರೆ. ವರ್ಷಗಟ್ಟಲೆ ಇದನ್ನು ಕಂಡ ಮೂಗಿನಕ್ಕ, ಆ ಹೊತ್ತಿನಲ್ಲಿ ಕೇಳಿದ್ದು ಸ್ವೆಟರ್ ಯಾರದೆಂದು ಮಾತ್ರ. ಅದನ್ನು ಹಾಕಿಕೊಂಡವರು ಯಾರೆಂದು ಕೇಳಲೇ ಇಲ್ಲ.

"ಅವತ್ತು ನನ್ನ ಮಗಳು ಅಲ್ಲಿ ಯಾರ ಸ್ವೆಟರ್ ಹಾಕ್ಕೊಂಡಿದಾಳೋ ಅನ್ನಿಸ್ತು" ಎಂದು ನೆನೆಯುತ್ತಾರೆ.

ಕರೆದು ಕೇಳಿದರೆ ಗೆಳತಿ ಮೊದಲು ಅಡ್ಡಡ್ಡ ತಲೆಯಾಡಿಸಿದಳು, ಆಮೇಲೆ ಅತ್ತಳು. ನೀನಾಗಿ ಹೋಗಿ ಹೇಳು, ಬೆಂಚಿನ ಮೇಲೆ ಪಕ್ಕದಲ್ಲಿ ನಾನಿರುತ್ತೇನೆ ಎಂದು ಮೂಗಿನಕ್ಕ ಎರಡು ದಿನ ಕೊಟ್ಟರು. ಹೇಳದಿದ್ದರೆ ತಾವೇ ಹೇಳುವುದಾಗಿಯೂ ತಿಳಿಸಿದರು. ಎರಡನೆಯ ದಿನ ಅವಳು ಹೋಗಿ, ತಾನು ಸೇದುವುದನ್ನು ಒಪ್ಪಿಕೊಂಡಳು. ತಾನಾಗಿ ಬಂದವಳೆಂದು ಎಚ್ಚರಿಕೆ, ವಾರವಾರ ಆಪ್ತಸಲಹೆ, ವರ್ಷ ಮುಗಿಯುವತನಕ ಹಾಸ್ಟೆಲಿನಿಂದ ಹೊರಗೆ ಎಂದು ತೀರ್ಮಾನವಾಯಿತು. ಕ್ಲಾಸು ತಪ್ಪಲಿಲ್ಲ.

ಇನ್ನೇನು ಸಲೀಸು ಎಂದುಕೊಂಡರೆ ಅಲ್ಲೇ ಗಾಡಿ ನಿಂತಿತು. ಮುಗಿದ ಪ್ರಕರಣವನ್ನು ಮತ್ತೆ ಕೆದಕಲು ಸಮಿತಿಗೆ ಮನಸ್ಸಿಲ್ಲ. ಸ್ವೆಟರಿನ ಹುಡುಗಿ ಮೇಲ್ಮನವಿಯನ್ನೇ ಕೊಟ್ಟಿಲ್ಲವಲ್ಲ ಎಂಬ ನೆವ ಬೇರೆ. ಪರೀಕ್ಷೆಯೊಳಗೆ ಇತ್ಯರ್ಥವಾಗದಿದ್ದರೆ ಅವಳ ವರ್ಷ ಹೋಗುತ್ತದೆ, ಮಾದಕ ವಸ್ತು ಎಂಬ ಕಳಂಕ ಕೊನೆತನಕ ದಾಖಲೆಯಲ್ಲಿ ಉಳಿಯುತ್ತದೆ. ಅಧ್ಯಾಪಕರೊಬ್ಬರು ನಗುತ್ತಾ, ಹಾಗಾದರೆ ಇನ್ನುಮೇಲೆ ನಿಮ್ಮ ಮೂಗನ್ನು ನಂಬುವುದು ಹೇಗೆ ಎಂದು ಕೇಳಿದರಂತೆ.

"ನಂಬ್ಬೇಡಿ ಸಾರ್" ಎಂದರಂತೆ ಇವರು. "ಮೂಗಿಗೆ ವಾಸನೆ ಗೊತ್ತಾಗುತ್ತೆ. ಯಾರು ತಪ್ಪು ಮಾಡಿದ್ರು ಅಂತ ಗೊತ್ತಾಗಲ್ಲ. ಅದಕ್ಕೇ ನಿಮ್ಮನ್ನ ಕೂರಿಸಿರೋದು."

ಮಾರನೆಯ ದಿನವೇ ಕರ್ತವ್ಯಲೋಪದ ನೋಟಿಸ್ ಕೈಗೆ ಬಂತು. ಗಂಡ, ಇಷ್ಟಕ್ಕೇ ಸುಮ್ಮನಾಗಬಾರದೇ, ಕೆಲಸ ಹೋದರೆ ಮಗಳ ಓದಿನ ಗತಿಯೇನು ಎಂದು ತಲೆ ಮೇಲೆ ಕೈಹೊತ್ತು ಕೂತರು. ಮೂಗಿನಕ್ಕ ನೋಟಿಸಿಗೆ, ತಪ್ಪು ನನ್ನದೇ, ಶಿಕ್ಷೆ ನನಗೇ ಕೊಡಿ ಎಂದು ಉತ್ತರ ಬರೆದುಕೊಟ್ಟು, ರಜೆ ಹಾಕಿ, ಹುಡುಗಿಯ ಊರಿನ ಬಸ್ಸು ಹತ್ತಿದರು.

ಅವಳ ತಾಯಿ ಕೈಚೀಲದ ಕಾರ್ಖಾನೆಯಲ್ಲಿ ಜಿಪ್ಪು ಹೊಲಿಯುವವರು. ಬಾಗಿಲು ತೆರೆದವರು ನೀಲಿ ಕೋಟು ಕಂಡದ್ದೇ ಕೆಂಡವಾದರು. "ಕಳಿಸಿದ್ದೂ ನೀವೇ, ಕರೆಯೋಕೆ ಬಂದಿರೋದೂ ನೀವೇನಾ? ನನ್ನ ಮಗಳೇನು ನಿಮ್ಮನೆ ಪಾತ್ರೇನಾ, ಬೇಕಾದಾಗ ಎತ್ತಿಡೋಕೆ?" ಬಾಗಿಲು ಮುಚ್ಚಿತು. ಮೂಗಿನಕ್ಕ ಮೆಟ್ಟಿಲ ಮೇಲೆ ಕೂತರು. ತಾಯಿ ಕೆಲಸಕ್ಕೆ ಹೋಗುವಾಗ ಕೂತೇ ಇದ್ದರು, ಮರಳುವಾಗಲೂ ಕೂತೇ ಇದ್ದರು. ಒಳಗಿದ್ದ ಹುಡುಗಿ ಕೊನೆಗೆ ಕಿಟಕಿಯಿಂದ ಒಂದು ಲೋಟ ನೀರು ಕೊಟ್ಟಳು. ನೀನು ಯಾಕಮ್ಮ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀವು ಕೇಳಲಿಲ್ಲ ಎಂದಳು.

ಸಂಜೆ ತಾಯಿಯೇ ಒಳಗೆ ಕರೆದರು. ಪ್ರೀತಿಯಿಂದಲ್ಲ, ಅಕ್ಕಪಕ್ಕದವರು ನೋಡುತ್ತಿದ್ದಾರೆಂದು. ಮೂಗಿನಕ್ಕ ಒಂದು ನೆವವನ್ನೂ ಹೇಳದೆ ತಾಯಿ ಮಗಳಿಬ್ಬರ ಮುಂದೆಯೂ ಕ್ಷಮೆ ಕೇಳಿದರು. ಮೇಲ್ಮನವಿಗೆ ಹುಡುಗಿಯ ಸಹಿ ಬಿತ್ತು.

ಆಮೇಲೆ ಶುರುವಾದದ್ದು ಮೂಗಿನಕ್ಕನ ಬೆಂಚಿನ ತಪಸ್ಸು. ಬೆಳಗಿನ ಕೆಲಸ ಮುಗಿಸಿ ದಿನಾ ಪ್ರಿನ್ಸಿಪಾಲರ ಕೋಣೆಯ ಹೊರಗೆ ಹೋಗಿ ಕೂರುವುದು. ಜಗಳವಿಲ್ಲ, ಅಳುವಿಲ್ಲ. ಸಾಹೇಬರು ಬಂದಾಗ ಎದ್ದು ನಿಲ್ಲುವುದು, ಹೋಗುವಾಗ ಎದ್ದು ನಿಲ್ಲುವುದು. ನೋಡಿ ನೋಡಿ ಅವರಿಗೇ ಮುಜುಗರವಾಗಿ ಒಂದು ದಿನ ಸಮಿತಿ ಕರೆದರು. ಗೆಳತಿಯೂ ಬಂದು, ಸ್ವೆಟರ್ ಹಾಕಿಕೊಂಡಿದ್ದವಳು ತಾನೆಂದು ಎಲ್ಲರೆದುರು ಹೇಳಿದಳು. ಅಮಾನತು ರದ್ದಾಯಿತು. ದಾಖಲೆಯಿಂದ ಕಳಂಕ ಹೋಯಿತು. ಹಾಜರಾತಿಯ ಕೊರತೆ ಮನ್ನಾ ಆಗಿ ಪರೀಕ್ಷೆಗೆ ದಾರಿಯಾಯಿತು. ಮೂಗಿನಕ್ಕನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. "ಸಿಗ್ಬೇಕಾದ್ದೇ" ಎನ್ನುತ್ತಾರೆ, ಮುಖದಲ್ಲಿ ಬೇಸರದ ಸುಳಿವೂ ಇಲ್ಲ.

ತಪಾಸಣೆಯನ್ನು ಅವರು ಬಿಟ್ಟಿಲ್ಲ. ಬಿಡುವ ಮಾತೂ ಇಲ್ಲ. ಆದರೆ ಈಗ ಏನಾದರೂ ಸಿಕ್ಕರೆ ಕೋಣೆಯವರನ್ನು ಒಟ್ಟಿಗೆ ನಿಲ್ಲಿಸಿ ಕೇಳುವುದಿಲ್ಲ. ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದು, ಕೂರಿಸಿ, ನಿನ್ನೆ ಇದನ್ನು ಹಾಕಿಕೊಂಡವರು ಯಾರು ಎಂದು ಕೇಳುತ್ತಾರೆ. ಉತ್ತರ ಬರುವತನಕ ಬಾಯಿ ಮುಚ್ಚಿಕೊಂಡು ಕಾಯುತ್ತಾರೆ. ಅವರಂಥ ಮಾತುಗಾರ್ತಿಗೆ ಇದು ಸಣ್ಣ ಶಿಕ್ಷೆಯಲ್ಲ.

ಬಿಸಿಲೇರುವ ಹೊತ್ತಿಗೆ ಹುಡುಗಿ ತಾಯಿಯ ಜೊತೆ ಬರುತ್ತಾಳೆ. ಗೇಟಿನಲ್ಲಿ ನಿಂತಿದ್ದ ಮೂಗಿನಕ್ಕ ಚೀಲಕ್ಕೆ ಕೈ ಚಾಚುತ್ತಾರೆ. ಹುಡುಗಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, ತಲೆಯೆತ್ತದೆ ಮೆಟ್ಟಿಲು ಹತ್ತುತ್ತಾಳೆ. ತಾಯಿ ಒಂದು ಕ್ಷಣ ನಿಂತು, ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ವಿಚಾರಿಸಿ ಮಗಳ ಹಿಂದೆ ಹೋಗುತ್ತಾರೆ. ಮೂಗಿನಕ್ಕ ಚಾಚಿದ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತಾರೆ. ಕಣ್ಣು ತುಂಬಿದ್ದನ್ನು ಮುಚ್ಚಿಡಲು ಹೋಗುವುದಿಲ್ಲ.

ಇನ್ನೇನು ಆಸೆಯಿದೆ ನಿಮಗೆ ಎಂದು ಕೇಳಿದರೆ ಹುಡುಗಿ ಹತ್ತಿಹೋದ ಮೆಟ್ಟಿಲಿನ ಕಡೆ ನೋಡುತ್ತಾರೆ.

"ಆ ಹುಡುಗಿ ಒಂದಿನ ನನ್ನ ರೂಮಿಗೆ ಬಂದು ಬಾಯಿಗೆ ಬಂದ ಹಾಗೆ ಬೈಬೇಕು. ನಾನು ಕ್ಷಮೆ ಕೇಳಿದಾಗ್ಲೂ ಸುಮ್ನೆ ತಲೆ ಆಡಿಸಿದ್ಲು ಅಷ್ಟೇ. ಸುಮ್ನಿದ್ದು ಸುಮ್ನಿದ್ದೇ ಅರ್ಧ ಸೆಮಿಸ್ಟರ್ ಕಳ್ಕೊಂಡ್ಲು. ಇನ್ನಾದ್ರೂ ಬಾಯಿ ಬಿಡ್ಲಿ. ನನ್ನಿಂದ್ಲೇ ಶುರು ಮಾಡ್ಲಿ."