ಕುರಿಯ ತಲೆ ಯಾರ ಮುಂದೆ

ಸಾರ್ಸೆನ್‌ಬೆಕ್ ಎಂಬ ಹೆಸರಿನ ಹಿರಿಯರನ್ನು ಕಝಕ್ ಜನ ಪೂರ್ತಿ ಹೆಸರು ಹಿಡಿದು ಕರೆಯುವುದಿಲ್ಲ. ಸರೀಕರು ಮರ್ಯಾದೆಗೆ ಮೊದಲಕ್ಷರವೊಂದನ್ನು ಉಳಿಸಿಕೊಂಡು 'ಸಾಕೆ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಪ್ರಶ್ನೆಯಂತೆ ಕೇಳಿಸುತ್ತದೆ. ಅಲ್ಮಾಟಿಯಲ್ಲಿ ಹವಾಮಾನ ಶಾಸ್ತ್ರ ಕಲಿಸುತ್ತಿದ್ದ ಈ ಪ್ರೊಫೆಸರನ್ನು ಬಲ್ಲವರಿಗೆ ಉತ್ತರವೂ ಗೊತ್ತಿತ್ತು. ಸಾಲದು. ಅವರಿಗೆ ಯಾವುದೂ, ಯಾವತ್ತೂ ಸಾಲದು.

ತೊರ್ಗಿನ್ ಎಂಬವಳು ಅವರ ಕೈಕೆಳಗೆ ಡಾಕ್ಟರೇಟಿಗೆ ಸೇರಿ ಏಳನೆಯ ವರ್ಷ ನಡೆಯುತ್ತಿತ್ತು. ಸೇರಿದ ಹೊಸದರಲ್ಲಿ ಅವಳಿಗೆ ಅವರ ಮೇಲೆ ಭಕ್ತಿಯಿತ್ತು. ಅದು ಕರಗಲು ಒಂದು ಚಳಿಗಾಲ ಸಾಕಾಯಿತು. ಅವರು ಓದಬೇಕಾದ ಭಾಷಣ ಇವಳು ಬರೆದಳು, ಅವರು ತಿದ್ದಬೇಕಾದ ಉತ್ತರಪತ್ರಿಕೆ ಇವಳು ತಿದ್ದಿದಳು, ಅವರ ಹೆಂಡತಿಯ ತೌರಿನವರನ್ನು ರೈಲು ನಿಲ್ದಾಣದಿಂದ ಕರೆತಂದಳು, ಅವರ ತೋಟದ ಸೇಬಿನ ಗಿಡಕ್ಕೆ ನೀರು ಹೊತ್ತಳು. ನಡುನಡುವೆ ಬಿಡುವಾದಾಗ ಆಕಾಶವನ್ನೂ ಅಧ್ಯಯನ ಮಾಡಿದಳು. ಏನಾದರೂ ಕೇಳಲು ಹೋದರೆ ಸಾಕೆ ಕಣ್ಣು ಮುಚ್ಚಿ, "ಡಾಕ್ಟರೇಟ್ ಅಂದ್ರೆ ತಾಳ್ಮೆ ಕಣಮ್ಮ" ಎನ್ನುತ್ತಿದ್ದರು. ಗಾಣದೆತ್ತಿಗೂ ಯಾರೋ ಹಾಗೇ ಹೇಳಿರಬೇಕು.

ಅವಳು ಬಿಟ್ಟುಹೋಗದೆ ಇದ್ದದ್ದಕ್ಕೆ ಕಾರಣವಿತ್ತು. ಏಪ್ರಿಲ್‌ನಲ್ಲಿ ಹುಲ್ಲು ಹಸಿರಾಗಿ, ಕುರಿಗಳು ಮರಿ ಹಾಕುವ ಹೊತ್ತಿಗೆ ಆ ಸೀಮೆಯಲ್ಲಿ ಒಮ್ಮೆಲೇ ಹಿಮಗಾಳಿ ಬಂದೆರಗುತ್ತದೆ. ಜನ ಅದನ್ನು 'ಬೆಸ್ ಕೊನಾಕ್' ಎನ್ನುತ್ತಾರೆ, ಐದು ಅತಿಥಿಗಳು ಎಂದು. ಹಿಂದೆ ಐವರು ದಾರಿಹೋಕರು ಒಂದು ಬಡವರ ಮನೆಯಲ್ಲಿ ತಂಗಿದ್ದರಂತೆ. ಇನ್ನೂ ಇದ್ದರೆ ಆ ಮನೆಯವರಿಗೆ ಭಾರವಾಗುತ್ತೇವೆ ಎಂದು ನಾಚಿಕೊಂಡು, ಇರಿ ಎಂದರೂ ಕೇಳದೆ ಹೊರಟವರು ಹಿಮದಲ್ಲಿ ಸೆಟೆದು ಸತ್ತರಂತೆ. ಅಂಥ ಅತಿಥಿಗಳು ಕತೆಯಲ್ಲಿ ಮಾತ್ರ ಇರುತ್ತಾರೆ ಎಂಬುದು ತೊರ್ಗಿನ್‌ಗೆ ಆಮೇಲೆ ತಿಳಿಯಿತು.

ಅವಳ ಅಪ್ಪನನ್ನು ಕೊಂದದ್ದೂ ಅದೇ ಗಾಳಿ. ಕೆಗೆನ್ ಕಡೆಯ ಹುಲ್ಲುಗಾವಲಿನಲ್ಲಿ ಕುರಿ ಕಾಯುತ್ತಿದ್ದವನು, ಬೆಳಿಗ್ಗೆ ರೇಡಿಯೋ ಬಿಸಿಲು ಎಂದದ್ದನ್ನು ನಂಬಿ ತೆಳ್ಳನೆಯ ಅಂಗಿಯಲ್ಲೇ ಹೋದ. ಹಿಮ ಕರಗಿದ ಮೇಲೆ ಸಿಕ್ಕಿದಾಗ, ಬಚ್ಚಿಡಲು ಕೋಟೂ ಇಲ್ಲದೆ, ಒಂದು ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ತೊರ್ಗಿನ್ ಆಗ ಶಾಲೆಗೆ ಹೋಗುವ ಹುಡುಗಿ. ಅವಳಿಗೆ ಗಾಳಿಯ ಮೇಲೆ ಸಿಟ್ಟು ಬರಲಿಲ್ಲ, ರೇಡಿಯೋದ ಮೇಲೆ ಬಂತು. ಆ ಸಿಟ್ಟೇ ಅವಳನ್ನು ಓದಿಸಿತು, ಹವಾಮಾನ ಕಚೇರಿಯಲ್ಲಿ ಕೆಲಸಕ್ಕೆ ಸೇರಿಸಿತು, ಸಾಕೆಯ ಬಾಗಿಲಿಗೂ ತಂದು ನಿಲ್ಲಿಸಿತು.

ಏಳು ವರ್ಷದಲ್ಲಿ ಅವಳು ಒಂದು ವಿಷಯ ಕಂಡುಕೊಂಡಿದ್ದಳು. ಮೂಡಣದ ಬೆಟ್ಟಗಳ ನಡುವಿನ ಕಂಡಿಯಿಂದ ತಣ್ಣನೆಯ ಗಾಳಿ ಸದ್ದಿಲ್ಲದೆ ನುಸುಳಿ, ತೊಟ್ಟಿಯಲ್ಲಿ ನೀರು ನಿಂತ ಹಾಗೆ ಕಣಿವೆಯ ತಳದಲ್ಲಿ ತುಂಬಿಕೊಳ್ಳುತ್ತಿತ್ತು. ಮೇಲೆ ಬೆಚ್ಚನೆಯ ಗಾಳಿ ಆಡುತ್ತಿದ್ದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಕಂಡಿಯ ಬಾಯಲ್ಲಿ ಒತ್ತಡ ಏರುವುದನ್ನು ಸರಿಯಾಗಿ ನೋಡಿದರೆ, ಅತಿಥಿಗಳು ಬರುವುದು ಎರಡು ದಿನ ಮುಂಚೆಯೇ ಗೊತ್ತಾಗುತ್ತಿತ್ತು. ಕುರಿಯವನು ಮಂದೆಯನ್ನು ಕೊಟ್ಟಿಗೆಗೆ ತರಲು ಅಷ್ಟು ಹೊತ್ತು ಬೇಕಾದಷ್ಟಾಯಿತು. ಪ್ರಬಂಧದ ಜೀವವೆಲ್ಲ ಆ ಒಂದು ಅಧ್ಯಾಯದಲ್ಲಿತ್ತು, ಅದನ್ನೇ ಲೇಖನ ಮಾಡಿ ಸಾಕೆಯ ಮೇಜಿನ ಮೇಲಿಟ್ಟಳು.

ಅವರು ಕರೆದು ಕೂರಿಸಿದರು. ಕೂರಿಸಿದರೆಂದರೆ ಏನೋ ಕೇಳುತ್ತಾರೆಂದೇ ಅರ್ಥ.

"ಲೇಖನ ಚೆನ್ನಾಗಿದೆ ತೊರ್ಗಿನ್. ಹೆಸರು ಮಾತ್ರ ಸ್ವಲ್ಪ ಆಚೀಚೆ ಮಾಡೋಣ. ಮೊದಲು ಮಾದಿಯಾರ್, ಆಮೇಲೆ ನಾನು, ಕೊನೇಲಿ ನೀನು."

ಮಾದಿಯಾರ್ ಅವರ ಮಗ. ಅವನೂ ಅದೇ ವಿಭಾಗದಲ್ಲಿ ಡಾಕ್ಟರೇಟ್ ಮಾಡುತ್ತಿದ್ದ, ಅಂದರೆ ಅವನ ಹೆಸರು ಅಲ್ಲಿ ದಾಖಲಾಗಿತ್ತು.

"ಅಗಾಯ್, ಇದರಲ್ಲಿ ಮಾದಿಯಾರ್ ಏನು ಮಾಡಿದಾನೆ?" ಎಂದಳು. ಅಲ್ಲಿ ಮೇಷ್ಟರನ್ನು ಕರೆಯುವುದೇ ಹಾಗೆ, ಅಣ್ಣಾ ಎಂಬಂತೆ.

"ಮಾಡ್ತಾನೆ, ಮಾಡ್ತಾನೆ. ಇನ್ನೂ ಚಿಕ್ಕ ಹುಡುಗ. ನೀನು ಅಕ್ಕ ಇದ್ದ ಹಾಗೆ, ಅವನಿಗೂ ಈ ವರ್ಷವೇ ವೈವಾ ಆಗಿಬಿಡಲಿ."

"ನನ್ನ ಪ್ರಬಂಧದಲ್ಲಿ ಈ ಅಧ್ಯಾಯ?"

"ತೆಗೆದುಬಿಡು. ಉಳಿದದ್ದು ನಿಂಗೆ ಧಾರಾಳ ಆಯ್ತು. ಯಾರು ಓದ್ತಾರೆ ಹೇಳು."

ಕೊನೆಯ ಮಾತು ನಿಜವಾಗಿತ್ತು, ಅದೇ ಅವಳಿಗೆ ಹೆಚ್ಚು ಹೇಸಿಗೆ ತಂದಿತು. ಒಪ್ಪಿದರೆ ತಿಂಗಳೊಳಗೆ ಡಾಕ್ಟರೇಟ್, ಆದರೆ ಅಪ್ಪನ ಗಾಳಿ ಆ ಹೊಟ್ಟೆ ಬಂದ ಚಿಕ್ಕ ಹುಡುಗನ ಪಾಲು. ಒಪ್ಪದಿದ್ದರೆ ಏಳು ವರ್ಷ ನೀರಿನಲ್ಲಿ ಹೋಮ. ಅವಳು ಉತ್ತರ ಕೊಡುವ ಮೊದಲೇ ಸಾಕೆ ಮುಂದಿನ ಮಾತಿಗೆ ಹೋದರು. ಭಾನುವಾರ ಪ್ರಬಂಧಕ್ಕೆ ಮತ ಹಾಕುವ ಮಂಡಳಿಯವರನ್ನು ಅವಳ ಮನೆಗೆ ಊಟಕ್ಕೆ ಕರೆತರುತ್ತಾರೆ, ಎಲ್ಲರ ಮುಂದೆ ವಿಷಯ ಹೇಳಿ ಮುಗಿಸುತ್ತಾರೆ. ಊಟ ಹಾಕುವುದು ವೈವಾ ಮುಗಿದ ಮೇಲೆ ಎಂಬುದು ಊರಿನ ಪದ್ಧತಿ. ಮೊದಲು ಉಂಡು ಆಮೇಲೆ ಕೈ ಎತ್ತುವುದು ಸಾಕೆಯ ಪದ್ಧತಿ.

ತಾಲ್ಗರ್ ಎಂಬ ಊರಿನ ಅವಳ ಮನೆಯಲ್ಲಿ ಅಮ್ಮ ಬಾತಿಶ್ ಅಪಾ ಕುರಿ ಕೊಯ್ಯಿಸಿ, ದೊಡ್ಡ ಹಂಡೆಯಲ್ಲಿ ಬೇಯಲು ಹಾಕಿ, ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಮಾಂಸ ಬೇಯಿಸುವುದು ಸುಲಭ. ಯಾವ ಮೂಳೆ ಯಾರಿಗೆ ಎಂಬುದು ಕಷ್ಟ. ಅದರಲ್ಲಿ ಎಡವಿದರೆ ಕಝಕ್ ನೆಂಟರು ಮೂರು ತಲೆಮಾರು ಮರೆಯುವುದಿಲ್ಲ.

"ಸೊಂಟದ ಮೂಳೆ ಯಾರಿಗೆ ಅಂತ ಹೇಳೇ."

"ನಿನ್ನ ಇಷ್ಟ ಅಪಾ."

"ನನ್ನ ಇಷ್ಟ ಹೇಗಾಗುತ್ತೆ? ಮಂಡಳಿಯ ಆ ಹೆಂಗಸು ಪೂರ್ತಿ ಪ್ರೊಫೆಸರೋ, ಅರ್ಧವೋ?"

"ಪೂರ್ತಿ."

"ಇನ್ನೊಬ್ಬ, ಚಿನ್ನದ ಹಲ್ಲಿನೋನು?"

"ಅರ್ಧ. ಆದ್ರೆ ಕುರ್ಚಿ ದೊಡ್ಡದು."

"ನಮ್ಮ ಕಾಲದಲ್ಲಿ ವಯಸ್ಸು ಕೇಳಿದ್ರೆ ಮುಗೀತಿತ್ತು. ಈ ಓದಿದೋರ ಸಹವಾಸವಲ್ಲ. ನಿಂಗೆ ಮಾತ್ರ ಮುಂಗಾಲಿನ ಮೂಳೆ ಕೊಡಲ್ಲ ನೋಡು. ಮದುವೆ ಆಗದೋಳು ತಿಂದ್ರೆ ಹಾಗೇ ಮುದುಕಿ ಆಗ್ತಾಳೆ."

"ಆ ಕೆಲಸ ಅಗಾಯ್ ಆಗಲೇ ಮುಗಿಸಿದ್ದಾರೆ ಬಿಡು."

ಅಮ್ಮ ನಗಲಿಲ್ಲ. ಸೌಟು ಎತ್ತಿ ಹಿಡಿದು, "ತಲೆ ಒಂದು ಜೋಪಾನ" ಎಂದಳು. "ಅಧ್ಯಕ್ಷರ ಮುಂದೆ ಇಡು. ಅಪ್ಪ ಬದುಕಿರೋ ಗಂಡಸಿನ ಮುಂದೆ ಅಪ್ಪಿತಪ್ಪಿ ಇಡಬೇಡ. ಅವನು ಅದಕ್ಕೆ ಚಾಕು ಹಾಕಿದ್ರೆ ಅಪ್ಪನ ಸಾವನ್ನ ಬಾಯಾರೆ ಕರೆದ ಹಾಗೆ."

"ಗೊತ್ತು ಅಪಾ" ಎಂದಳು ತೊರ್ಗಿನ್. ಅದು ಗೊತ್ತಿಲ್ಲದ ಕಝಕ್ ಮಗು ಇರುವುದಿಲ್ಲ ಎಂದೇ ಅವಳು ನಂಬಿದ್ದಳು.

ಮಧ್ಯಾಹ್ನ ಐವರು ಬಂದರು. ಸಾಕೆ, ಅವರ ಮಗ ಮಾದಿಯಾರ್, ಮಂಡಳಿಯ ಅಧ್ಯಕ್ಷರಾದ ಮುದುಕ ಬೊರಿಬಾಯ್ ಅತಾ, ಚಿನ್ನದ ಹಲ್ಲಿನವರು, ಪೂರ್ತಿ ಪ್ರೊಫೆಸರಾದ ಹೆಂಗಸು. ನೆಲದ ಮೇಲೆ ಊಟಕ್ಕೆ ಹಾಸಿದ್ದ ದಸ್ತರ್ಖಾನ್ ಬಟ್ಟೆಯ ಸುತ್ತ ಕೂತವರು ಕೂತ ಗಳಿಗೆಯಿಂದಲೇ ಕೈ ಹಾಕಿದರು. ಕರಿದ ಹಿಟ್ಟಿನುಂಡೆ ಬೌರ್ಸಾಕ್‌ನ ಬುಟ್ಟಿ ಖಾಲಿಯಾಯಿತು. ಕುದುರೆ ಮಾಂಸ ತುಂಬಿದ ಕಝಿ ಬಂತು, ಹೋಯಿತು, ಮತ್ತೆ ಬಂತು. ಚಿನ್ನದ ಹಲ್ಲಿನವರು ಜಿಡ್ಡಿನ ಬೆರಳನ್ನು ಗೆಣ್ಣಿನವರೆಗೆ ಚೀಪಿ, ಅದೇ ಬೆರಳಿನಿಂದ ಒಳ್ಳೆಯ ತುಂಡು ಹುಡುಕುತ್ತಿದ್ದರು. ಹೆಂಗಸು ತಿನ್ನುತ್ತಲೇ ಉಪ್ಪು ಕಡಿಮೆ ಎನ್ನುತ್ತಿದ್ದಳು. ಸಾಕೆಯ ಗದ್ದದಿಂದ ತುಪ್ಪದಂಥ ಕೊಬ್ಬು ಇಳಿದು ಟೈ ಮೇಲೆ ಬಿತ್ತು, ಅವರು ಅದನ್ನೂ ಉಗುರಿನಲ್ಲಿ ಬಳಿದು ಬಾಯಿಗಿಟ್ಟರು. ತೊರ್ಗಿನ್ ಚಹಾ ಬಗ್ಗಿಸುತ್ತಿದ್ದಳು.

"ನಿನ್ನ ವಿಷಯ ಮಳೆ ಅಲ್ವೇನಮ್ಮ?" ಚಿನ್ನದ ಹಲ್ಲಿನವರು ಕೇಳಿದರು.

"ಹಿಮಗಾಳಿ ಅಗಾಯ್."

"ಅದೇ, ಎಲ್ಲಾ ಮೇಲಿಂದ ಬೀಳೋದೇ ತಾನೇ."

ಎಲ್ಲರೂ ನಕ್ಕರು. ಅವಳ ಪ್ರಬಂಧ ಎರಡು ತಿಂಗಳಿಂದ ಇವರೆಲ್ಲರ ಮನೆಯಲ್ಲಿತ್ತು. ಸಾಕೆ ನಗು ನಿಲ್ಲುವ ಮೊದಲೇ ಬಟ್ಟಲೆತ್ತಿದರು.

"ಐದು ಅತಿಥಿಗಳ ಬಗ್ಗೆ ಈಗ ಒಂದು ಲೇಖನ ಹೊರಡ್ತಾ ಇದೆ. ಇದುವರೆಗೆ ಯಾರೂ ಕಾಣದ್ದನ್ನ ನಮ್ಮ ಹುಡುಗ ಕಂಡಿದಾನೆ. ಕೆಲಸ ಪೂರ್ತಿ ಮಾದಿಯಾರ್‌ದು. ತೊರ್ಗಿನ್ ಕೈಜೋಡಿಸಿದಾಳೆ, ಅಷ್ಟು ಹೇಳಲೇಬೇಕು. ಅಲ್ವೇನಮ್ಮ?"

ಮಾದಿಯಾರ್ ತಗ್ಗಿಸಿದ ತಲೆ ಎತ್ತದೆ ಕಝಿ ಅಗಿಯುತ್ತಿದ್ದ. ಬೊರಿಬಾಯ್ ಅತಾ "ಒಳ್ಳೇದು, ಒಳ್ಳೇದು, ಯಾರದಾದ್ರೂ ಒಳ್ಳೇದೇ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ತೊರ್ಗಿನ್ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ತಲೆಯನ್ನು ತಟ್ಟೆಯಲ್ಲಿಟ್ಟು ಸಿದ್ಧಮಾಡಿದ್ದಳು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಅಧ್ಯಕ್ಷರನ್ನು ದಾಟಿ, ಸಾಕೆಯನ್ನೂ ದಾಟಿ, ಮೂತಿ ಅವನ ಕಡೆಗೇ ತಿರುಗುವಂತೆ ಮಾದಿಯಾರ್‌ನ ಮುಂದೆ ಇಟ್ಟಳು. ಪಕ್ಕದಲ್ಲಿ ಚಾಕು ಇಟ್ಟಳು.

ಅವನು ಬೇಡ ಎನ್ನುತ್ತಾನೆ, ನಾಚಿಕೊಂಡು ಅದು ಯಾರದೋ ಅವರ ಮುಂದೆ ತಳ್ಳುತ್ತಾನೆ ಎಂದು ಅವಳು ಎಣಿಸಿದ್ದಳು. ಆದರೆ ಅವನು ಪಟ್ಟಣದಲ್ಲಿ ಪಿಜ್ಜಾ ತಿಂದು ಬೆಳೆದವನು, ಅಪ್ಪ ಅವನಿಗೆ ಕಸಿಯುವುದನ್ನು ಬಿಟ್ಟು ಬೇರೇನೂ ಕಲಿಸಿರಲಿಲ್ಲ. ತನ್ನ ಮುಂದೆ ಬಂದದ್ದು ತನ್ನದೇ ಎಂದು ಚಾಕು ಹಿಡಿದು, ಬಲಗೆನ್ನೆಯಿಂದ ದೊಡ್ಡ ತುಂಡು ಕೊಯ್ದು ಬಾಯಿಗೆ ಹಾಕಿಕೊಂಡ.

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು.

"ಮಗಾ, ನಿನ್ನ ಅಪ್ಪ ಇದಾರಾ?" ಬೊರಿಬಾಯ್ ಅತಾ ಮೆಲ್ಲಗೆ ಕೇಳಿದರು.

"ಇಲ್ಲೇ ಕೂತಿದಾರಲ್ಲ ಅತಾ."

"ಹಂಗಾದ್ರೆ ಅವರನ್ನೇ ತಿಂತಾ ಇದೀಯ."

ಸಾಕೆಯ ಮುಖ ಬೆಂದ ಕೊಬ್ಬಿನ ಬಣ್ಣಕ್ಕೆ ತಿರುಗಿತು. "ಯಾರು ಇಟ್ಟಿದ್ದು ಇದನ್ನ ಅವನ ಮುಂದೆ?"

"ನಾನೇ ಅಗಾಯ್. ಕೆಲಸ ಪೂರ್ತಿ ಅವನದು ಅಂದ್ರಿ. ನಮ್ಮಪ್ಪನ್ನ ತಿಂದ ಗಾಳಿ ಅವನದಾದ್ರೆ, ಅಪ್ಪ ಇಲ್ಲದೋರ ಪಾಲೂ ಅವನದೇ ಆಗ್ಬೇಕಲ್ಲ."

ಅವಳು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಹೆಂಗಸಿನ ಮುಂದೆ ತಲೆ ಇಡುವ ಪದ್ಧತಿ ಅಲ್ಲಿಲ್ಲ, ಆದರೂ ಯಾರೂ ತಡೆಯಲಿಲ್ಲ. "ಹಂಗಲ್ಲ ಅಂತಾದ್ರೆ, ಈ ಮನೇಲಿ ಅಪ್ಪನ್ನ ಕಳ್ಕೊಂಡೋಳು ನಾನು." ಕಿವಿಯನ್ನು ಕೊಯ್ದು ಮಾದಿಯಾರ್‌ನ ಕೈಗೆ ಕೊಟ್ಟಳು. ಕಿವಿ ಕೊಡುವುದು ಚಿಕ್ಕವರಿಗೆ, ಹೇಳಿದ ಮಾತು ಕೇಳಲಿ ಎಂದು. ಅವನು ಅದನ್ನು ಹಿಡಿದುಕೊಂಡು ಎಲ್ಲಿಡಬೇಕೆಂದು ತಿಳಿಯದೆ ಕೂತ.

ಇಷ್ಟಾದ ಮೇಲೆ ಮಾನವಿದ್ದವರು ಎದ್ದು ಹೋಗಬೇಕು, ಇಲ್ಲವೇ ಅವಳ ಪರವಾಗಿ ಒಂದು ಮಾತಾಡಬೇಕು. ಎರಡೂ ಆಗಲಿಲ್ಲ. "ದಸ್ತರ್ಖಾನಿನ ಮುಂದೆ ಹೀಗೆ ಮಾಡಬಾರದಿತ್ತು ಮಗಳೇ" ಎಂದು ಬುದ್ಧಿ ಹೇಳಿದ ಬೊರಿಬಾಯ್ ಅತಾ, ಹಿಟ್ಟಿನ ಹಾಳೆಗಳ ಮೇಲೆ ಮಾಂಸ ಹರಡಿದ ಬೆಸ್ಬರ್ಮಾಕ್‌ನ ತಟ್ಟೆ ಬಂದಾಗ ಸೊಂಟದ ಮೂಳೆಯನ್ನು ಬಿಡಲಿಲ್ಲ. ಹೆಂಗಸು ಸಾರು ಇನ್ನೊಂದು ಬಟ್ಟಲು ಕೇಳಿದಳು. ಸಾಕೆ ಮಾತ್ರ ಏನನ್ನೂ ಮುಟ್ಟದೆ, ಅವಳಿಗಷ್ಟೇ ಕೇಳುವಂತೆ, "ನಿನ್ನ ವೈವಾ ಮರೆತುಬಿಡು" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡಳು ತೊರ್ಗಿನ್. ಅಪ್ಪನ ನೆನಪಾಯಿತು, ಆದರೆ ಇವರ ಮುಂದೆ ಅಳಲು ಹೇಸಿ ಹೊರಗೆ ಹೋಗಿ ಕೈ ತೊಳೆದಳು.

ಹೊರಡುವಾಗ ಅಮ್ಮ ಸರ್ಕಿತ್ ಕಟ್ಟಿಕೊಟ್ಟಳು. ಊಟದಲ್ಲಿ ಮಿಕ್ಕಿದ್ದನ್ನು ಅತಿಥಿಯ ಮನೆಯವರಿಗೆಂದು ಕಟ್ಟಿಕೊಡುವುದು, ಕೊಡುವವರ ಮರ್ಯಾದೆ. ತೆಗೆದುಕೊಂಡವರಲ್ಲಿ ಮರ್ಯಾದೆ ಕಾಣಲಿಲ್ಲ. ಚಿನ್ನದ ಹಲ್ಲಿನವರು ತಮ್ಮ ಚೀಲವನ್ನು ಬೇರೆಯವರ ಚೀಲದ ಜೊತೆ ಕಣ್ಣಲ್ಲೇ ತೂಗಿದರು. ಕಾರುಗಳ ಬಾಗಿಲು ಹಾಕಿಕೊಂಡವು. ಅಮ್ಮ ಏನೂ ಬೈಯದೆ ಮೂಳೆ ಗುಡಿಸುತ್ತಿದ್ದಳು.

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಸಾಕೆ. ಹಣೆಯ ಮೇಲೆ ಬೆವರು, ಒಂದು ಕೈ ಎದೆಯ ಮೇಲೆ. ಮನಸ್ಸು ಕರಗಿತೇನೋ ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಆಮೇಲೆ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು.

"ಹುಡುಗನ ಹೆಸರು ತೆಗೆದುಬಿಡಮ್ಮ" ಎಂದರು.

"ಯಾಕೆ ಅಗಾಯ್?"

"ಕೆಟ್ಟ ಶಕುನ. ನಾನಿನ್ನೂ ಬದುಕಿದೀನಿ, ಅವನು ಚಾಕು ಹಾಕಿಬಿಟ್ಟ. ಕಾರಲ್ಲಿ ಕೂತಾಗಿಂದ ಎದೆ ಹಿಡ್ಕೊಂಡ ಹಾಗಾಗ್ತಿದೆ. ಆ ಐದು ಅತಿಥಿಗಳ ಋಣ ನಮ್ಮ ಮನೆಗೆ ಬೇಡ. ಅಧ್ಯಾಯ, ಲೇಖನ, ಎಲ್ಲಾ ನೀನೇ ಇಟ್ಕೋ. ನನ್ನ ಹೆಸರೂ ಬೇಡ."

"ವೈವಾ?"

"ಹೇಳಿದ ದಿನವೇ ಆಗುತ್ತೆ. ಕೈ ಎತ್ತುತಾರೆ ಎಲ್ಲರೂ. ನೀನು ಮಾತ್ರ ನನ್ನ ಬಗ್ಗೆ ಮನಸ್ಸಲ್ಲಿ ಕೆಟ್ಟದ್ದು ಇಟ್ಕೋಬೇಡ. ಶಾಪ ತಗಲುತ್ತೆ."

ಗಾಳಿಯ ಒತ್ತಡವನ್ನು ನಲವತ್ತು ವರ್ಷ ಪಾಠ ಮಾಡಿದ ಮನುಷ್ಯ ಬೆಂದ ಕುರಿಯ ಕೆನ್ನೆಗೆ ಹೆದರಿ ನಿಂತಿದ್ದರು. ಅವಳು ಬೇಡಿದ್ದೆಲ್ಲ ಕೈಗೆ ಬಂದಿತ್ತು. ಕೆಲಸ ಅವಳದೆಂದು ಯಾರೋ ಒಪ್ಪಿ ಬಂದದ್ದಲ್ಲ, ಒಬ್ಬ ಪುಕ್ಕಲನಿಗೆ ಜೀವದಾಸೆ ಹತ್ತಿ ಬಂದದ್ದು. ಏಪ್ರಿಲ್‌ನಲ್ಲಿ ಯಾವನೋ ಕುರಿಯವನು ಅದರಿಂದ ಬದುಕಿಕೊಂಡರೆ ಅಷ್ಟೇ ಆಯಿತು ಎಂದುಕೊಂಡಳು. ಬಾಗಿಲು ಹಾಕಲು ಹೋದರೆ ಅವರು ಕದಲಲಿಲ್ಲ.

"ಇನ್ನೊಂದು" ಎಂದರು ಸಾಕೆ. "ಕಝಿ ಪೊಟ್ಟಣ ಒಳಗೇ ಉಳಿದುಹೋಯ್ತು."

ಬಾಗಿಲಿಗೆ ಬಂದ ಅತಿಥಿಗೆ ಇಲ್ಲವೆನ್ನುವ ಹಾಗಿಲ್ಲ. ತೊರ್ಗಿನ್ ಒಳಗಿಂದ ಪೊಟ್ಟಣ ತಂದು ಅವರ ಕೈಯಲ್ಲಿಟ್ಟಳು. ಏಳು ವರ್ಷ ಅಗಾಯ್, ಅಗಾಯ್ ಎಂದವಳು ಅಂದು ಮೊದಲ ಬಾರಿಗೆ ಅವರನ್ನು ಸರೀಕಳಂತೆ ಕರೆದಳು.

"ಸಾಕೆ," ಎಂದಳು.

ಅವರು ಪೊಟ್ಟಣವನ್ನು ಅಂಗೈಯಲ್ಲಿ ತೂಗಿ ನೋಡಿ, "ಇನ್ನೊಂದು ತುಂಡಿದ್ರೆ ಹಾಕಮ್ಮ" ಎಂದರು.