ಹೆಣ್ಣಿಲಿಗಳ ಪಂಜರದಲ್ಲಿ ಒಂದು ಗಂಡು

ವಸುಧಕ್ಕಾ, ನಿಮ್ಮ ಹೆಣ್ಣಿಲಿಗಳ ಪಂಜರಕ್ಕೆ ಗಂಡಿಲಿಯೊಂದನ್ನು ಬಿಟ್ಟವಳು ನಾನು. ಬಿಟ್ಟದ್ದು ಕೈತಪ್ಪಿನಿಂದ — ಮುಚ್ಚಿಟ್ಟದ್ದು ಮಾತ್ರ ತಿಳಿದೇ.

ಆಗ ನಾನು ಮೈಸೂರಿನಿಂದ ಶೋಳಿಂಗನಲ್ಲೂರಿನ ಪ್ರಯೋಗಾಲಯಕ್ಕೆ ಬಂದ ಹೊಸತು. ತಮಿಳು ಬಾರದ ನನಗೆ ನೀವೇ ಆಸರೆ. ಎಗ್ಮೋರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನಿಮ್ಮ ಕನ್ನಡ ಕೇಳಿ ಒಳಗೊಳಗೇ ನಗುತ್ತಿದ್ದೆ — ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಪರರ ಜೀವಕೋಶಗಳನ್ನು ದೇಹ ಸಹಿಸುವುದಿಲ್ಲ. ಆದರೆ ಅರ್ಧ ತಂದೆಯದಾದ ಮಗುವನ್ನು ತಾಯಿಯ ದೇಹ ತಿಂಗಳುಗಟ್ಟಲೆ ಕಾಯುತ್ತದೆ. ಬಸಿರಿನಲ್ಲಿ ಹೆಚ್ಚುವ ಒಂದು ಪ್ರೋಟೀನು ದೇಹದ ಸಿಟ್ಟನ್ನು ತಣಿಸುತ್ತದೆಯೇ — ಇದು ನಿಮ್ಮ ಪ್ರಶ್ನೆ. ಕೆಲವು ಇಲಿಗಳಿಗೆ ಆ ಪ್ರೋಟೀನು ಕೊಟ್ಟು, ಕೆಲವಕ್ಕೆ ಕೊಡದೆ, ಎಲ್ಲಕ್ಕೂ ಬೇರೆ ತಳಿಯ ಇಲಿಯ ಜೀವಕೋಶಗಳನ್ನು ಕಸಿ ಮಾಡಿದಿರಿ. ಕೊಟ್ಟವುಗಳಲ್ಲಿ ಕಸಿ ಉಳಿಯಿತು. ಕೊಡದವುಗಳಲ್ಲಿ ಅಳಿಯಿತು — ಒಂದರಲ್ಲಿ ಬಿಟ್ಟು.

ಕೊಡದವುಗಳ ಪಂಜರದಲ್ಲೇ ನನ್ನ ಗಂಡಿಲಿ ಒಂದು ರಾತ್ರಿ ಕಳೆದಿತ್ತು. ಬೆಳಿಗ್ಗೆ ಕಂಡವಳೇ ತೆಗೆದಿದ್ದೆ. ಆ ಒಂದರ ಹೊಟ್ಟೆ ಉಬ್ಬಿದಾಗ, "ಇದಕ್ಕೆ ತೀನಿ ಜಾಸ್ತಿ ಆಗೋಯ್ತು" ಎಂದಿರಿ ನೀವು. ಹೆಣ್ಣುಗಳೇ ಇರುವ ಪಂಜರ — ಬಸಿರಿನ ಯೋಚನೆ ಯಾರಿಗೆ ಬರಬೇಕು? ಅದು ಮರಿ ಹಾಕಿದ ದಿನ ನೀವು ಬರುವ ಮೊದಲೇ ಮರಿಗಳನ್ನೆತ್ತಿ, ಹಾಲೂಡಿಸುತ್ತಿದ್ದ ಇನ್ನೊಂದು ಇಲಿಯ ಬಳಿ ಬಿಟ್ಟೆ. ಪಾಪ, ಅದು ಗೊಣಗದೆ ಸಾಕಿತು.

ನೀವು ಮಾತ್ರ ಆ ಒಂದರಿಂದ ಲೆಕ್ಕ ತಪ್ಪಿದೆಯೆಂದು ಇಡೀ ಪ್ರಯೋಗವನ್ನು ಮೊದಲಿನಿಂದ ಮಾಡಿದಿರಿ. ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಗೊತ್ತಾಗಿದ್ದ ನಿಮ್ಮ ಮದುವೆಯನ್ನು ಮುಂದೂಡಿದಿರಿ. ನಾನು ಪಕ್ಕದಲ್ಲೇ ನಿಂತು ಪಿಪೆಟ್ಟು ಕೊಡುತ್ತಿದ್ದೆ.

ಮೊನ್ನೆ ನುಂಗಂಬಾಕ್ಕಂನ ನಿಮ್ಮ ಮನೆಯಲ್ಲಿ ನಿಮಗೆ ವಳೈಕಾಪ್ಪು, ಬಸುರಿಗೆ ಬಳೆ ತೊಡಿಸುವ ಶಾಸ್ತ್ರ. ಮೊಳಕೈವರೆಗೆ ಬಳೆ ತೊಟ್ಟು ಕುಳಿತವರು ನೀವೇ ಆ ಮಾತು ತೆಗೆದಿರಿ.

"ಆ ಒಂದು ಇಲಿ ಕಸಿನ ಏನಕ್ಕೆ ಉಳಿಸ್ಕೊಂಡ್ತು, ಇವತ್ತೂ ಪುರಿಯಲ್ಲ ಕಣೇ."

"ಅಕ್ಕಾ, ಅದು ಬಸುರಿಯಾಗಿತ್ತು."

ನೀವು ನಕ್ಕ ನಗೆಗೆ ಬಳೆಗಳೆಲ್ಲ ಕುಲುಕಿದವು. "ಅಂದ್ರೆ ನನ್ನ ಪ್ರೋಟೀನನ್ನ ಅದೇ ತಯಾರಿ ಮಾಡ್ಕೊಂಡಿತ್ತಾ? ಆವಾಗ್ಲೇ ನಾನು ಕರೆಕ್ಟೇ!" ಎಂದು ನನ್ನ ಕೆನ್ನೆಗೆ ಅರಿಸಿನ ಮೆತ್ತಿದಿರಿ. ನಾನೂ ನಕ್ಕೆ. ಅಷ್ಟು ಸಂತೋಷದಲ್ಲಿ, ನನಗೆ ಹೇಗೆ ಗೊತ್ತು, ಎಂದಿನಿಂದ ಗೊತ್ತು ಎಂದು ನೀವು ಕೇಳಲಿಲ್ಲ —

ಅಂದಿನಿಂದಲೇ ಗೊತ್ತಿತ್ತು, ಅಕ್ಕಾ.

ನಾಳೆ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೂ ಹೇಳುತ್ತೇನೆ. ಆಮೇಲೆ ನಿಮ್ಮಲ್ಲಿಗೆ ಬರುತ್ತೇನೆ. ಬಾಗಿಲು ತೆಗೆಯುವುದು, ಬಿಡುವುದು ನಿಮ್ಮಿಷ್ಟ.